ಚಹಾದಲ್ಲಿ ಕರಗಿದ ಒಂಟೆ

ನಮ್ಮ ಅಜ್ಜಿಗೆ, ಅಂದರೆ ಅಪ್ಪನ ತಾಯಿಗೆ, ‘ಕರಗು’ ಎಂಬ ಮಾತಿಲ್ಲದೆ ಒಂದು ದಿನವೂ ಕಳೆಯುತ್ತಿರಲಿಲ್ಲ. ಒಲೆಯ ಮೇಲೆ ಬೆಣ್ಣೆ ಕರಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಅಪ್ಪ ಉಂಡೆದ್ದು ಅಂಗಳದಲ್ಲಿ ಅಡ್ಡಾಡತೊಡಗಿದರೆ, ಉಂಡದ್ದು ಕರಗಲಿ, ಯಾರೂ ಕರೆಯಬೇಡಿರಿ ಎನ್ನುವಳು. ಮೋಡ ಕವಿದು ಹನಿ ಬೀಳದೆ ಹೋದರೆ ಮೋಡ ಕರಗಿತು. ಸಿದ್ಧೇಶ್ವರ ಗುಡಿಯ ಮುಂದಿನ ಪೇಟೆಯಲ್ಲಿ ಸಂಜೆಯ ಗದ್ದಲ ಕಡಿಮೆಯಾದರೆ ಮಂದಿ ಕರಗಿದರು, ಈಗ ಹೋದರೆ ಕಾಯಿಪಲ್ಲೆ ಅಗ್ಗ. ಜ್ವರದಿಂದ ಎದ್ದ ಕೂಸು ಕರಗಿರುತ್ತಿತ್ತು. ಹಿತ್ತಲಿನ ಮಣ್ಣಿನ ಗೋಡೆ ಮಳೆಗಾಲಕ್ಕೊಮ್ಮೆ ಅಷ್ಟಷ್ಟೇ ಕರಗುತ್ತಿತ್ತು. ಅವಳ ತವರಿನ ಬಂಗಾರ ಮೂರು ಮದುವೆಗಳಲ್ಲಿ ಕರಗಿ ಬೇರೆ ಬೇರೆ ಕೊರಳುಗಳಿಗೆ ಹೋಗಿತ್ತು. ಮನಸ್ಸು ಕರಗುತ್ತಿತ್ತು. ಆದರೆ ಸಿಟ್ಟು ಕರಗುತ್ತಿರಲಿಲ್ಲ, ಇಳಿಯುತ್ತಿತ್ತು. ಯಾವುದು ಕರಗುತ್ತದೆ, ಯಾವುದು ಇಳಿಯುತ್ತದೆ, ಯಾವುದು ಆರುತ್ತದೆ ಎಂಬುದರಲ್ಲಿ ಅವಳು ಒಮ್ಮೆಯೂ ತಪ್ಪಿದ್ದು ನನಗೆ ನೆನಪಿಲ್ಲ.

ನಾನಾಗ ಒಬ್ಬಳೇ ಧಾರವಾಡದಲ್ಲಿದ್ದು ಬಿ.ಎ. ಮುಗಿಸಿ ವಿಜಾಪುರಕ್ಕೆ ಬಂದ ಹೊಸತು. ಕಾಲೇಜಿನಲ್ಲಿ ಗುರುಗಳೊಬ್ಬರು ಇದೇ ಮಾತಿನ ಅರ್ಥ ಕೇಳಿದಾಗ ನಾನು ಎದ್ದು ನಿಂತು, ಗಟ್ಟಿಯಾದದ್ದು ನೀರಾಗುವುದು ಎಂದಿದ್ದೆ. ಗುರುಗಳು ಸರಿ ಎಂದಿದ್ದರು. ಮನೆಗೆ ಬಂದ ಮೇಲೆ ಆ ಅರ್ಥ ನಮ್ಮ ಅಡುಗೆಮನೆಗೂ ಸಾಲುವುದಿಲ್ಲವೆಂದು ತಿಳಿಯಿತು. ಬೆಂಕಿಯ ಶಾಖಕ್ಕೆ ಬೆಣ್ಣೆ ಕರಗುವುದು ಬೇರೆ, ಚಹಾದಲ್ಲಿ ಸಕ್ಕರೆ ಕರಗುವುದು ಬೇರೆ, ಇಂಗ್ಲಿಷಿನವರು ಇವಕ್ಕೆ ಎರಡು ಮಾತು ಇಟ್ಟುಕೊಂಡಿದ್ದಾರೆ ಎಂದು ಒಂದು ದಿನ ಅಜ್ಜಿಗೆ ವಿವರಿಸಿದೆ. ತುಪ್ಪ ಆರಿದರೆ ಮತ್ತೆ ಗಟ್ಟಿಯಾಗುತ್ತದೆ, ಚಹಾದಲ್ಲಿ ಹೋದ ಸಕ್ಕರೆ ತಿರುಗಿ ಬರುವುದಿಲ್ಲ ಎಂದೂ ಹೇಳಿದೆ.

ಅಜ್ಜಿ ಮೊರದಿಂದ ಕಣ್ಣೆತ್ತಲಿಲ್ಲ. “ತಿರುಗಿ ಯಾಕ ಬರಬೇಕ ಬೇ? ಕುಡ್ಯಾಕಂತನ ಹಾಕಿರತೀವಿ,” ಎಂದಳು.

ಅದು ಮಹಾಯುದ್ಧದ ಕಾಲ. ಸಕ್ಕರೆ ರೇಷನ್ನಿನ ಅಂಗಡಿಯಿಂದ ಬರುತ್ತಿತ್ತು, ಬಂದಷ್ಟು ಬೇಗ ಮುಗಿಯುತ್ತಿತ್ತು. ಉಳಿದ ದಿನ ಎಲ್ಲರ ಮನೆಯಲ್ಲೂ ಬೆಲ್ಲದ ಚಹಾ. ಅದಕ್ಕೆ ಯಾರೂ ನಾಚುತ್ತಿರಲಿಲ್ಲ. ನೆರೆಯವರಿಗೆ, ನೆಂಟರಿಗೆ, ಅಪ್ಪನ ಅಂಗಡಿಗೆ ಬರುವ ವ್ಯಾಪಾರಸ್ಥರಿಗೆ, ಎಲ್ಲರಿಗೂ ಬೆಲ್ಲದ್ದೇ. ಬೀಗರಿಗೆ ಮಾತ್ರ ಕೊಡುವ ಹಾಗಿರಲಿಲ್ಲ. ಬೀಗರ ಮುಂದೆ ಕಂದು ಬಣ್ಣದ ಚಹಾ ಇಟ್ಟ ಮನೆ ಎಂದು ಹೆಸರು ಬಂದರೆ ಅದು ಮೊಮ್ಮಕ್ಕಳ ಕಾಲದವರೆಗೂ ಹೋಗುವುದಿಲ್ಲವೆಂದು ಅಜ್ಜಿ ನಂಬಿದ್ದಳು. ಆ ವರ್ಷ ನಮಗೆ ಹೊಸದಾಗಿ ಬೀಗರಾಗಿದ್ದರು.

ನನ್ನ ತಂಗಿಗೆ ಬಬಲೇಶ್ವರದ ಒಂದು ಮನೆಯ ಹುಡುಗನೊಂದಿಗೆ ನಿಶ್ಚಯವಾಗಿತ್ತು. ಕೂಡಿಸಿದವನು ತಿಕೋಟಾದ ನಮ್ಮ ಸೋದರಮಾವ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿದ್ದು ಅವನ ಮನೆಯ ಪಡಸಾಲೆಯಲ್ಲೇ. ತಂಗಿ ಮಾತು ಕಡಿಮೆ. ಅಲ್ಲಿಂದ ಬಂದವಳು ಬಬಲೇಶ್ವರ ಎಷ್ಟು ದೂರ ಎಂದು ನನ್ನನ್ನು ಕೇಳಿದಳು. ಹೇಳಿದೆ. ಕೆಲವು ದಿನ ಬಿಟ್ಟು ಮತ್ತೆ ಕೇಳಿದಳು, ಅಷ್ಟರಲ್ಲಿ ದೂರ ಕಡಿಮೆಯಾಗಿರಬಹುದು ಎಂಬಂತೆ. ಅವಳ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯಲು ನನಗೆ ಅಷ್ಟು ಸಾಕಾಯಿತು.

ನಮ್ಮ ಕಡೆ ನಿಶ್ಚಯವಾದ ಹುಡುಗಿಗೆ ಗೌರಿ ಹುಣ್ಣಿಮೆಗೆ ವರನ ಮನೆಯಿಂದ ಸಕ್ಕರೆ ಆರತಿ ಬರುತ್ತದೆ. ಸಾಗವಾನಿ ಕಟ್ಟಿಗೆಯ ಅಚ್ಚುಗಳನ್ನು ನೀರಲ್ಲಿ ನೆನೆಯಿಟ್ಟು, ಜೋಡಿಸಿ ದಾರ ಸುತ್ತಿ, ಕಾದ ಸಕ್ಕರೆಯ ಪಾಕವನ್ನು ಹೊಯ್ದು ಆರಿಸಿದರೆ ಬಿಳಿ ಗೊಂಬೆಗಳಾಗುತ್ತವೆ. ಅವನ್ನು ತಾಟಿನಲ್ಲಿ ನಿಲ್ಲಿಸಿ, ದೀಪ ಹಚ್ಚಿ, ಹುಣ್ಣಿಮೆಯ ಸಂಜೆ ಗೌರಿಯನ್ನು ಕೂಡಿಸಿದಲ್ಲಿಗೆ ಹುಡುಗಿ ಒಯ್ಯಬೇಕು. ಗೌರಿಗೆ ಬೆಳಗಿದ ಮೇಲೆ ಗೊಂಬೆಗಳನ್ನು ಹಂಚಿ ತಿನ್ನಬಹುದು, ಅದಕ್ಕೆ ಮೊದಲು ನಾಲಿಗೆಗೂ ತಾಗಿಸುವಂತಿಲ್ಲ. ಈ ನಿಯಮದಲ್ಲಿ ಬಬಲೇಶ್ವರದ ಅಜ್ಜಿ, ಹುಡುಗನ ಅಜ್ಜಿ, ಬಹಳ ಬಿಗಿ ಎಂದು ಮಾವ ಮೊದಲೇ ಹೇಳಿದ್ದ. ಹಿರಿಯ ಮೊಮ್ಮಗನಿಗೆ ಗೊತ್ತು ಮಾಡಿದ್ದ ಹುಡುಗಿಯ ಮನೆಯಲ್ಲಿ ಯಾರೋ ಹುಣ್ಣಿಮೆಗೆ ಮೊದಲೇ ಒಂದು ಗೊಂಬೆ ತಿಂದರೆಂದು ಆಕೆ ಆ ಸಂಬಂಧವನ್ನೇ ಬಿಟ್ಟಿದ್ದರು. ಗೌರಿಗೆ ತೋರಿಸುವ ಮೊದಲು ತಿಂದ ಮನೆಯೊಡನೆ ಸಂಬಂಧ ಬೇಡ, ಇಷ್ಟೇ ಅವರ ಮಾತು. ಮತ್ತೆ ಯಾರು ಹೇಳಿದರೂ ಕೇಳಲಿಲ್ಲವಂತೆ.

ಹುಣ್ಣಿಮೆ ಇನ್ನೂ ದೂರವಿರುವಾಗಲೇ ಗೊಂಬೆಗಳು ಬಂದವು. ತಂದವರು ಹುಡುಗನ ಕಾಕಾ, ಅವನ ಅಪ್ಪನ ತಮ್ಮ, ಎತ್ತರದ ಆಳು, ದೊಡ್ಡ ರುಮಾಲು. ಹೊಲದ ಬಾಂದಿನ ವಿಷಯವಾಗಿ ಕೋರ್ಟಿನಲ್ಲಿ ದಾವೆ ನಡೆದಿತ್ತು, ಅದಕ್ಕೆಂದು ಬಂದವರು ಗೊಂಬೆಗಳ ಬುಟ್ಟಿಯನ್ನೂ ಚಕ್ಕಡಿಯಲ್ಲಿ ಇಟ್ಟುಕೊಂಡು ಬಂದಿದ್ದರು. ಅರಳೆಯಲ್ಲಿ ಸುತ್ತಿದ್ದ ಒಂದೊಂದನ್ನೂ ಬಿಚ್ಚಿ ತಾಟಿನಲ್ಲಿಟ್ಟರು. ಶಿವ ಪಾರ್ವತಿ, ಬಸವಣ್ಣ, ಆನೆ, ಒಂಟೆ, ಕುದುರೆ, ನವಿಲು, ಹಂಸ, ಗಿಳಿ. ಆ ಬರಗೆಟ್ಟ ಕಾಲದಲ್ಲಿ ಇಷ್ಟು ಸಕ್ಕರೆ ಎಲ್ಲಿಂದ ಎಂದು ಅವ್ವ ಕೇಳಿದಳು. ಅವರ ತಾಯಿ ಯುಗಾದಿಯಿಂದ ಇಡೀ ಮನೆಗೆ ಬೆಲ್ಲದ ಚಹಾ ಕುಡಿಸಿ, ರೇಷನ್ನಿನ ಸಕ್ಕರೆಯನ್ನು ಗಡಿಗೆಯಲ್ಲಿ ಕೂಡಿಟ್ಟಿದ್ದರಂತೆ. ಹೇಳುವಾಗ ಕಾಕಾನ ಮುಖದಲ್ಲಿ ಅಭಿಮಾನವೂ ಇತ್ತು, ಚಹಾದ ಆಸೆಯೂ ಇತ್ತು.

ಅಂದು ಡಬ್ಬಿಯ ತಳ ಕೆರೆದು ಅವರಿಗೆ ಸಕ್ಕರೆಯ ಚಹಾ ಕೊಟ್ಟೆವು. ಅವರು ಬಸಿ ಕೆಳಗಿಟ್ಟು, ಇಂಥ ಚಹಾ ಕುಡಿದು ಎಷ್ಟು ದಿನವಾಯಿತೋ ಎಂದರು. ಅವರಿಗೆ ಗೋಳಗುಮ್ಮಟದ ಹತ್ತಿರ ನೆಂಟರ ಮನೆಯಲ್ಲಿ ಬಿಡಾರ. ದಾವೆ ನಾಳೆಗೆ ಹೋಯಿತು. ನಾಳೆ ಮತ್ತೆ ನಾಳೆಗೆ ಹೋಯಿತು. ಕೋರ್ಟಿನಿಂದ ನೆಟ್ಟಗೆ ಅವರು ನಮ್ಮ ಮನೆಗೆ ಬರತೊಡಗಿದರು.

ಎರಡನೆಯ ದಿನ ನಾವು ಖಾಲಾ ಎಂದು ಕರೆಯುತ್ತಿದ್ದ ಪಕ್ಕದ ಮನೆಯಾಕೆ ತಮ್ಮ ಪಾಲಿನ ಸಕ್ಕರೆಯಲ್ಲಿ ಅರ್ಧ ವಾಟಿ ಕೊಟ್ಟು ಮಾನ ಉಳಿಸಿದರು. ಮರುದಿನ ಅವರ ಡಬ್ಬಿಯೂ ಬರಿದು. ಪಡಸಾಲೆಯಲ್ಲಿ ಕಾಕಾ ಕೆಮ್ಮುತ್ತಿದ್ದರು, ಒಳಗೆ ಚಹಾದ ನೀರು ಕುದಿಯುತ್ತಿತ್ತು. ಅಜ್ಜಿ ದೇವರ ಕೋಣೆಗೆ ಹೋಗಿ ಬಂದಳು. ಕೈಯಲ್ಲಿ ಗಿಳಿ ಇತ್ತು.

ಅವ್ವ ಗಾಬರಿಯಾದಳು. ಗೌರಿಗೆ ಇನ್ನೂ ತೋರಿಸಿಲ್ಲವೆಂದು ಪಿಸುಗುಟ್ಟಿದಳು.

“ಗೌರಿ ನಮ್ಮಾಕಿ, ತಿಳಕೋತಾಳ. ಬೀಗರು ಇನ್ನೂ ನಮ್ಮವರಾಗಿಲ್ಲ,” ಎಂದಳು ಅಜ್ಜಿ. ಗಿಳಿಯನ್ನು ಕುದಿಯುವ ಪಾತ್ರೆಗೆ ಬಿಟ್ಟಳು.

ಮನೆಯಲ್ಲಿ ಚೆನ್ನಾಗಿ ಚಹಾ ಮಾಡುತ್ತಿದ್ದವಳು ತಂಗಿ, ಆದ್ದರಿಂದ ಸೌಟು ಅವಳ ಕೈಯಲ್ಲೇ ಇತ್ತು. ನಾನು ಪಕ್ಕದಲ್ಲಿ ನಿಂತು ನೋಡಿದೆ. ಮೊದಲು ಕೊಕ್ಕು ಹೋಯಿತು. ಆಮೇಲೆ ಬಾಲ ತೆಳ್ಳಗಾಯಿತು. ಹೊಟ್ಟೆ ಬಹಳ ಹೊತ್ತು ತಳದಲ್ಲಿ ಹೊರಳುತ್ತಿತ್ತು. ಇಲ್ಲಿ ನಡೆಯುತ್ತಿರುವುದು ಯಾವ ಬಗೆಯ ಕರಗುವಿಕೆ ಎಂಬ ವಿಚಾರ ಆಗ ನನಗೆ ಬರಲಿಲ್ಲ. ತಂಗಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತಿರುವಿದಳು. ಕಣ್ಣೆತ್ತಿ ಯಾರನ್ನೂ ನೋಡಲಿಲ್ಲ.

ಕಾಕಾ ಅಂದಿನ ಚಹಾವನ್ನು ಮೊದಲಿನದಕ್ಕಿಂತ ಹೆಚ್ಚು ಹೊಗಳಿದರು, ಇನ್ನರ್ಧ ಕಪ್ಪು ಕೇಳಿದರು. ವಿಜಾಪುರದವರಿಗೆ ಸರಕಾರ ಛಲೋ ಸಕ್ಕರೆ ಕೊಡುತ್ತದೆ, ಹಳ್ಳಿಗೆ ಮಾತ್ರ ಕಸ ಕಳಿಸುತ್ತದೆ ಎಂದು ಅಪ್ಪನೊಡನೆ ವಾದಿಸಿದರು. ಅಪ್ಪನಿಗೆ ಒಳಗಿನ ಸಂಗತಿ ಗೊತ್ತಿರಲಿಲ್ಲ, ಅವನು ಸರಕಾರದ ಪರ ವಹಿಸಿ ಮಾತಾಡಿದ.

ಅಜ್ಜಿ ಒಂದು ಕ್ರಮ ಇಟ್ಟುಕೊಂಡಿದ್ದಳು. ದೇವರುಗಳನ್ನು ಮುಟ್ಟುವುದಿಲ್ಲ, ಬಸವಣ್ಣನನ್ನು ಮುಟ್ಟುವುದಿಲ್ಲ. ಮೊದಲು ಹಕ್ಕಿಗಳು. ಕೇಳಿದರೆ ಹಾರಿಹೋದವು ಎನ್ನಬಹುದು ಎಂದಳು, ಅದು ಅರ್ಧ ನಗೆ, ಅರ್ಧ ನಿಜವಾದ ಯೋಜನೆ. ಹಂಸವಾಯಿತು, ನವಿಲಾಯಿತು. ದಾವೆ ಮತ್ತೆ ಮುಂದೆ ಹೋಯಿತು. ಕುದುರೆ ಓಡುವ ಪ್ರಾಣಿ, ಅದೂ ಆಯಿತು. ಒಂಟೆಯ ಸರದಿ ಬಂದಾಗ ಕಾರಣ ಹುಡುಕುವುದು ಕಷ್ಟವಾಯಿತು. ಕೊನೆಗೆ ಅದು ನಮ್ಮ ಕಡೆಯ ಪ್ರಾಣಿಯಲ್ಲ ಎಂದಳು. ಒಂಟೆಯ ಬೆನ್ನಿನ ಡುಬ್ಬ ಮಾತ್ರ ಏನು ಮಾಡಿದರೂ ಕರಗದೆ ನಿಂತಿತ್ತು. ಅದನ್ನು ಕುಟ್ಟಾಣಿಯಲ್ಲಿ ಕುಟ್ಟಿ ಹಾಕಿದೆವು. ಆನೆಯನ್ನು ಉಳಿಸಿಕೊಳ್ಳಬೇಕೆಂದು ಅವ್ವ ಹಟ ಹಿಡಿದಿದ್ದಳು, ಆದರೆ ಆ ದಿನ ಕಾಕಾ ಕೋರ್ಟಿನ ಗೆಳೆಯರನ್ನು ಜೊತೆಗೆ ಕರೆತಂದರು. ನಮ್ಮ ಬೀಗರ ಮನೆಯ ಚಹಾ ನೋಡಿರಿ ಎಂದು ಅವರಿಗೆ ಮೊದಲೇ ಹೇಳಿಟ್ಟಿದ್ದರು. ಆನೆ ಒಂದೇ ಸಲಕ್ಕೆ ಹೋಯಿತು.

ದಾವೆ ಮುಗಿದ ದಿನ ಕಾಕಾ ಊರಿಗೆ ಹೊರಟು ನಿಂತರು. ಚಪ್ಪಲಿ ಮೆಟ್ಟುವಾಗ, ಹುಣ್ಣಿಮೆಗೆ ನಮ್ಮವ್ವನೇ ಬರುತ್ತಾಳೆ, ತನ್ನ ಕೈಯ ಗೊಂಬೆಗಳು ತಾಟಿನಲ್ಲಿ ಹೇಗೆ ಕಾಣುತ್ತವೆ ನೋಡಬೇಕಂತೆ ಎಂದು ಹೇಳಿ ಹೋದರು.

ತಂಗಿ ಹೋಗಿ ತಾಟಿನ ಮೇಲೆ ಬಟ್ಟೆ ಮುಚ್ಚಿ ಬಂದಳು. ಅಂದು ಅವಳು ಉಣ್ಣಲಿಲ್ಲ, ಮರುದಿನವೂ ಅಷ್ಟೇ. ಅಜ್ಜಿ ನನ್ನನ್ನು ಹಿತ್ತಲಿಗೆ ಕರೆದು ಮೆಲ್ಲಗೆ ಹೇಳಿದಳು: “ಹುಡಿಗಿ ಕರಗಾಕತ್ತಾಳ. ನೀ ತಿಕೋಟಾಕ ಹೋಗಿ ಬಾ.”

ಒಬ್ಬಳೇ ಧಾರವಾಡಕ್ಕೆ ಹೋಗಿ ಬಂದವಳು ಎಂಬ ಕಾರಣಕ್ಕೆ ಇಂಥ ಕೆಲಸಗಳು ನನ್ನ ಪಾಲಿಗೆ ಬರುತ್ತಿದ್ದವು. ಅಥಣಿ ರಸ್ತೆಯ ಮೋಟಾರು ಬಸ್ಸು ಆಗ ಪೆಟ್ರೋಲು ಸಿಗದೆ ಇದ್ದಲಿನ ಹೊಗೆಯಿಂದ ನಡೆಯುತ್ತಿತ್ತು. ಅದು ನಡೆದದ್ದಕ್ಕಿಂತ ನಿಂತದ್ದು ಹೆಚ್ಚು. ತಿಕೋಟಾದಲ್ಲಿ ಮಾವ ನನ್ನ ಮಾತು ಕೇಳಿ ಕೆಳಗೆ ಕೂತುಬಿಟ್ಟ. ಆನೆಯನ್ನೂ ಕುಡಿದರೇ ಎಂದು ಎರಡು ಸಲ ಕೇಳಿದ. ಆಮೇಲೆ ಅಟ್ಟ ಹತ್ತಿ ತನ್ನ ತಾಯಿಯ ಕಾಲದ ಅಚ್ಚುಗಳನ್ನು ಹುಡುಕಿದ. ಹುಳು ತಿಂದು ಉಳಿದದ್ದು ಆನೆಯ ಅಚ್ಚು ಒಂದೇ. ಸಕ್ಕರೆ ಅವನ ಮನೆಯಲ್ಲೂ ಇರಲಿಲ್ಲ. ಬೆಲ್ಲವಿತ್ತು.

ಬೆಲ್ಲದ ಪಾಕ ಹೊಯ್ದು ತೆಗೆದಾಗ ಕಪ್ಪುಗೆಂಪಿನ ಒಂದು ಪ್ರಾಣಿ ಹೊರಬಂತು. ಸೊಂಡಿಲು ಅರ್ಧಕ್ಕೇ ನಿಂತಿತ್ತು. ಬಣ್ಣ ಸರಿಯಿಲ್ಲವೆಂದು ನಾನು ಹೇಳಿದೆ.

“ಬಿಳೇ ಆನಿ ಎಲ್ಲಿ ನೋಡೀಯವ್ವಾ? ನೀ ಬಿ.ಎ. ಓದಿದಾಕಿ,” ಎಂದ ಮಾವ. “ಖರೇ ಆನಿ ಅಂದ್ರ ಇದ. ಅವರದ ತಪ್ಪು.”

ಬರುವಾಗ ಏರಿನಲ್ಲಿ ಮೋಟಾರು ನಿಂತು ಎಲ್ಲರೂ ಇಳಿದು ತಳ್ಳಬೇಕಾಯಿತು. ನನ್ನ ಜೊತೆ ಹೊರಟಿದ್ದ ಮಾವನೂ ಇಳಿದ. ಮಡಿಲಲ್ಲಿ ಆನೆಯಿದೆ, ಬಿಸಿಲಿಗೆ ಬೆವರುತ್ತಿದೆ ಎಂದು ಅಷ್ಟು ಜನರ ಮುಂದೆ ಹೇಳಲಾರದೆ ನಾನು ಮಾತ್ರ ಕೂತೇ ಇದ್ದೆ. ಓದಿದ ಹೆಣ್ಣುಮಕ್ಕಳ ಬಗ್ಗೆ ಹಿಂದಿನಿಂದ ಯಾರೋ ಏನೋ ಅಂದರು. ನಾನು ಗಂಟನ್ನು ನೆರಳಿಗೆ ಸರಿಸಿಕೊಂಡೆ.

ಹುಣ್ಣಿಮೆಯ ದಿನ ಹೊತ್ತಿಳಿಯುವ ಮೊದಲೇ ಬಬಲೇಶ್ವರದ ಚಕ್ಕಡಿ ನಮ್ಮ ಓಣಿಗೆ ಬಂತು. ಹುಡುಗನ ಅಜ್ಜಿ ಮುಂದೆ, ಕಾಕಾ ಹಿಂದೆ. ಬಬಲೇಶ್ವರದ ಅಜ್ಜಿ ಸಣ್ಣ ಹೆಂಗಸು, ಕಿವಿ ಸ್ವಲ್ಪ ಮಂದ, ಕಣ್ಣು ಬಹಳ ಚುರುಕು. ನೀರು ಕುಡಿದರು, ಕ್ಷೇಮ ಕೇಳಿದರು, ಆಮೇಲೆ ತಾಟು ತರಿಸಿದರು. ತಾಟಿನಲ್ಲಿ ಶಿವ ಪಾರ್ವತಿ ಇದ್ದರು, ಬಸವಣ್ಣನಿದ್ದ, ಅವರ ಹಿಂದೆ ಹೂವಿನ ರಾಶಿಯಲ್ಲಿ ಅರ್ಧ ಮುಚ್ಚಿಟ್ಟ ತಿಕೋಟಾದ ಆನೆ ಇತ್ತು. ಆಕೆ ಹೂವನ್ನು ಒಂದೊಂದಾಗಿ ಸರಿಸಿದರು.

“ಈ ಎಮ್ಮಿ ಯಾರದು?”

ಮಾವ ಆನೆಗಳ ಬಣ್ಣದ ವಿಷಯ ತೆಗೆಯಲು ಬಾಯಿ ತೆರೆದ. ಅವ್ವ ಅವನ ಕಡೆ ನೋಡಿದ ರೀತಿಗೆ ಬಾಯಿ ಮುಚ್ಚಿದ.

“ನನ್ನ ಒಂಟಿ ಎಲ್ಲಿ?” ಎಂದರು ಬಬಲೇಶ್ವರದ ಅಜ್ಜಿ.

ಹಕ್ಕಿಗಳು ಹಾರಿಹೋದವೆನ್ನುವ ಧೈರ್ಯ ನಮ್ಮ ಅಜ್ಜಿಗೆ ಆಗ ಬರಲಿಲ್ಲ. ಈ ಸಲ ಹವಾ ಥಂಡಿ, ದೇವರ ಕೋಣೆಯ ಗೋಡೆ ಹಸಿ, ಅದಕ್ಕೇ ಕರಗಿದವು ಎಂದಳು. ಬಬಲೇಶ್ವರದ ಅಜ್ಜಿ ತಾಟಿನಲ್ಲಿದ್ದ ಕುಂಕುಮವನ್ನು ಬೆರಳಲ್ಲಿ ತೆಗೆದು ಉಜ್ಜಿದರು. ಅದು ಪುಡಿಪುಡಿಯಾಗಿ ಉದುರಿತು.

“ಒಂಟಿ ಕರಗೂವಷ್ಟು ಥಂಡ್ಯಾಗ ಕುಂಕುಮ ಒಣಗೇ ಐತಲ್ಲ,” ಎಂದರು. ದನಿ ಏರಿರಲಿಲ್ಲ. ಅದೇ ಹೆದರಿಕೆ ಹುಟ್ಟಿಸುವಂತಿತ್ತು. ಮಾವ ಗೋಡೆಗೆ ಒರಗಿದ. ಆಕೆ ಕೈ ಒರೆಸಿಕೊಂಡು, ಚಕ್ಕಡಿಯ ಎತ್ತು ಬಿಚ್ಚಿದ್ದಾರೋ ಇಲ್ಲವೋ ಎಂದು ಮಗನನ್ನು ಕೇಳಿದರು. ಬಿಚ್ಚಿಲ್ಲವೆಂದು ಅವರು ಹೇಳಿದರು. ಬಿಚ್ಚಬೇಡ ಎಂದರು ಆಕೆ.

ಆಗ ತಂಗಿ ಅಡುಗೆಮನೆಯ ಬಾಗಿಲಿನಿಂದ ಈಚೆಗೆ ಬಂದಳು. ಅವಳು ಬೀಗರ ಮುಂದೆ ಬಾಯಿಬಿಟ್ಟದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

“ಒಂಟಿ ಕಾಕಾ ಅವರು ಕುಡದಾರ್ರಿ.”

ಕಾಕಾ ರುಮಾಲು ತೆಗೆದು ಕೈಯಲ್ಲಿ ಹಿಡಿದರು. “ನಾ ಒಂಟಿ ಕುಡದ್ನೇ?” ಎಂದರು, ಯಾರನ್ನು ಕೇಳಬೇಕೆಂದು ತಿಳಿಯದೆ.

ತಂಗಿ ನಿಧಾನವಾಗಿ, ಒಂದನ್ನೂ ಬಿಡದೆ ಹೇಳಿದಳು. ಸಕ್ಕರೆ ಮುಗಿದದ್ದು, ಅವರಿಗೆ ಬೆಲ್ಲದ ಚಹಾ ಕೊಡಲು ಮನಸ್ಸು ಬಾರದ್ದು, ಗಿಳಿ, ಹಂಸ, ನವಿಲು, ಕುದುರೆ. ಆನೆಯ ದಿನ ಅವರ ಗೆಳೆಯರು ಬಂದದ್ದು. ಕೇಳುತ್ತ ಕೇಳುತ್ತ ಕಾಕಾ ಒಂದೊಂದು ಪ್ರಾಣಿಗೂ ಸ್ವಲ್ಪ ಸ್ವಲ್ಪ ಕುಗ್ಗಿದರು. ಅವರ ತಾಯಿ ಅವರ ಕಡೆಗೆ ತಿರುಗಿದರು.

“ಯುಗಾದಿಯಿಂದ ನಾ ಬೆಲ್ಲ ಕುಡದು ಕೂಡಿಟ್ಟದ್ದನ್ನ ಇಲ್ಲಿ ಬಂದು ಕುಡದಿ ಏನಲೇ?”

“ಛಲೋ ಇತ್ತ ಯವ್ವಾ,” ಎಂದರು ಕಾಕಾ. ಹೇಳಿದ ಮೇಲೆ ಹೇಳಬಾರದಿತ್ತೆಂದು ಅವರಿಗೇ ಅನ್ನಿಸಿರಬೇಕು.

ಬಬಲೇಶ್ವರದ ಅಜ್ಜಿ ಮತ್ತೆ ತಂಗಿಯನ್ನು ನೋಡಿದರು. ಗೌರಿಗೆ ತೋರಿಸುವ ಮೊದಲು ತಿಂದರೆಂದು ತಾನು ಒಂದು ಸಂಬಂಧ ಬಿಟ್ಟದ್ದು ಗೊತ್ತೋ ಇಲ್ಲವೋ ಎಂದು ಕೇಳಿದರು.

“ಗೊತ್ತೈತ್ರಿ,” ಎಂದಳು ತಂಗಿ. “ಆದ್ರ ನಾವು ತಿಂದಿಲ್ರಿ. ನಮ್ಮ ಮನ್ಯಾಗ ಒಬ್ಬರ ನಾಲಿಗಿಗೂ ಹತ್ತಿಲ್ಲ. ತಿಂದ ಮನಿ ನಿಮ್ದು.”

ಅವ್ವ ಕಣ್ಣು ಮುಚ್ಚಿಕೊಂಡಳು. ನಾನು ಮನಸ್ಸಿನಲ್ಲೇ ಹಿಂದಕ್ಕೆ ಹೋಗಿ ನೋಡಿದೆ. ನಿಜವೇ ಆಗಿತ್ತು. ನಾವೆಲ್ಲ ಆ ದಿನಗಳಲ್ಲಿ ಬೆಲ್ಲದ ಚಹಾವನ್ನೇ ಕುಡಿದಿದ್ದೆವು. ಪಾತ್ರೆಯ ತಳದಲ್ಲಿ ಉಳಿದದ್ದನ್ನು ಕೂಡ ಅಜ್ಜಿ ಕಾಕಾನ ಕಪ್ಪಿಗೇ ಬಗ್ಗಿಸುತ್ತಿದ್ದಳು.

ಹೊರಗೆ ಓಣಿಯ ಹುಡುಗಿಯರು ಆರತಿ ಹಿಡಿದು ಹೊರಟ ಸಪ್ಪಳ ಬರುತ್ತಿತ್ತು. ಬಬಲೇಶ್ವರದ ಅಜ್ಜಿ ನೆಲ ನೋಡಿದರು, ಮಗನನ್ನು ನೋಡಿದರು, ತಾಟನ್ನು ನೋಡಿದರು. ತಾನೇ ಮಾಡಿದ ನಿಯಮವನ್ನು ಹಿಂದು ಮುಂದು ತಿರುಗಿಸಿ ಸಂದು ಹುಡುಕುತ್ತಿದ್ದಾರೆಂದು ನನಗೆ ಅನ್ನಿಸಿತು. ಸಂದು ಇರಲಿಲ್ಲ.

“ಹಂಗಾದ್ರ,” ಎಂದರು ಕೊನೆಗೆ, “ಬಿಡೂದು ಇಡೂದು ನಿನ್ನ ಕೈಯಾಗ ಐತಿ. ತಿಂದ ಮನಿ ಸಂಬಂಧ ಬಿಡತೀ ಏನು?”

ತಂಗಿ ತಲೆ ತಗ್ಗಿಸಿ ಏನೋ ಅಂದಳು.

“ಕೇಳಸಲಿಲ್ಲ.”

ಆಕೆಯ ಕಿವಿ ಮಂದವೆಂದು ಆಗಲೇ ಹೇಳಿದೆ. ಆದರೆ ಅದುವರೆಗಿನ ಮಾತೆಲ್ಲ ಅವರಿಗೆ ಚೆನ್ನಾಗಿಯೇ ಕೇಳಿಸಿತ್ತು.

“ಬಿಡೂದಿಲ್ರಿ,” ಎಂದಳು ತಂಗಿ, ಓಣಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. ಹೊರಗೆ ಹಾಡುತ್ತಿದ್ದ ಹುಡುಗಿಯರು ಒಂದು ಕ್ಷಣ ನಿಂತರು.

ಹುಡುಗಿಯ ಮುಖ ನೋಡಿ ಮುದುಕಿಯ ಮನಸ್ಸು ಕರಗಿತು ಎಂದು ಆಮೇಲೆ ಮಾವ ತಿಕೋಟಾದಲ್ಲೆಲ್ಲ ಹೇಳಿಕೊಂಡು ಬಂದ. ನಮ್ಮ ಅಜ್ಜಿ ಅದನ್ನು ಒಪ್ಪಲಿಲ್ಲ, ನಾನೂ ಒಪ್ಪುವುದಿಲ್ಲ. ಅಲ್ಲಿ ಏನೂ ಕರಗಲಿಲ್ಲ. ಆಕೆ ತನ್ನ ನಿಯಮವನ್ನು ಕಡೆಯವರೆಗೂ ನಡೆಸಿದರು, ಅಷ್ಟೇ, ಅದು ತನ್ನ ಮನೆಯ ಮೇಲೇ ಬಂದಾಗ ಕೂಡ. ಹಾಗೆ ನಡೆಸುವವರನ್ನು ನಾನು ಹೆಚ್ಚು ನೋಡಿಲ್ಲ.

ಆಕೆ ಎದ್ದು ಎತ್ತು ಬಿಚ್ಚಲು ಹೇಳಿದರು. ಹೂವನ್ನು ಮತ್ತೆ ತಾಟಿನ ತುಂಬ ಹರಡಿದರು, ತಾವೇ ದೀಪ ಹಚ್ಚಿದರು, ತಾಟನ್ನು ಎತ್ತಿ ತಂಗಿಯ ಕೈಗೆ ಕೊಟ್ಟರು. ನೆಟ್ಟಗೆ ಹಿಡಿ, ಗಾಳಿಯಿದೆ ಎಂದರು. ಕಾಕಾ ಎಣ್ಣೆಯ ಗಿಂಡಿ ಹಿಡಿದು ಹಿಂದೆ ನಿಂತರು. ಬಾಗಿಲು ದಾಟುವಾಗ ತಂಗಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ನಕ್ಕುಬಿಡುತ್ತಿದ್ದೆವು, ತಾಟು ಅವಳ ಕೈಯಲ್ಲಿತ್ತು.